ಡ್ಯೂಕನ ಕಿಟಕಿಗೆ ಕಾಣದ್ದು

ಇಂಗ್ಲೆಂಡಿನ ಡರ್ಬಿಶೈರಿನಲ್ಲಿ, ಡರ್ವೆಂಟ್ ನದಿಯ ದಂಡೆಗೆ, ಚಾಟ್ಸ್‌ವರ್ತ್ ಎಂಬ ಅರಮನೆಯಂಥ ಬಂಗಲೆಯಿದೆ. ಡೆವನ್‌ಶೈರ್ ಡ್ಯೂಕರ ಮನೆತನದ್ದು. ಒಳಗೆ ಹೋಗಲು ಟಿಕೆಟ್ ಬೇಕು, ತೋಟ ನೋಡಲು ಟಿಕೆಟ್ ಬೇಕು, ಕಾರು ನಿಲ್ಲಿಸಲೂ ದುಡ್ಡು ಬೇಕು. ಸುತ್ತಲಿನ ಸುಮಾರು ಸಾವಿರ ಎಕರೆ ಪಾರ್ಕಿನಲ್ಲಿ ಕಾಲಾಡಿಸುವುದಕ್ಕೆ ಮಾತ್ರ ಯಾರೂ ಏನೂ ಕೇಳುವುದಿಲ್ಲ. ಬಿಟ್ಟಿ ಸಿಕ್ಕಿದ್ದು ಸಪ್ಪೆ ಎನ್ನುವುದು ಇಲ್ಲಿ ಸುಳ್ಳು. ಬಂಗಲೆಗಿಂತ ಅದರ ಸುತ್ತಲಿನ ಹುಲ್ಲೇ ಹೆಚ್ಚು ಮಾತಾಡುತ್ತದೆ.

ಏರಿಳಿವ ಹಸಿರು, ಅಲ್ಲೊಂದು ಇಲ್ಲೊಂದು ಮರದ ಗುಂಪು, ನಡುವೆ ಸಾವಕಾಶವಾಗಿ ಹರಿಯುವ ಹೊಳೆ. ಮೊದಲ ಸಲ ನೋಡಿದವರು ದೇವರೇ ಹೀಗೆ ಮಾಡಿಟ್ಟನೆಂದುಕೊಳ್ಳುತ್ತಾರೆ. ಮಾಡಿದ್ದು ದೇವರಲ್ಲ, ಕೇಪಬಿಲಿಟಿ ಬ್ರೌನ್ ಎಂದು ಹೆಸರಾದ ಉದ್ಯಾನ ವಿನ್ಯಾಸಕ ಲ್ಯಾನ್ಸೆಲಾಟ್ ಬ್ರೌನ್. 1760ರ ಆಸುಪಾಸಿನಲ್ಲಿ ನಾಲ್ಕನೆಯ ಡ್ಯೂಕ್ ಅವನನ್ನು ಕರೆಸಿದ. ಬ್ರೌನ್ ನೆಲವನ್ನು ತಿದ್ದಿಸಿದ, ಹೊಳೆಯ ಹರಿವನ್ನು ತಿದ್ದಿಸಿದ, ಮರ ನೆಡಿಸಿದ. ನೋಟಕ್ಕೆ ಅಡ್ಡ ಬರುತ್ತಿದ್ದ ಕುದುರೆಲಾಯ ಕೆಳಗಿನಿಂದ ಗುಡ್ಡದ ಮೇಲಕ್ಕೆ ಹೋಯಿತು. ಮೂರು ಕಮಾನಿನ ಸೇತುವೆ ವಾಸ್ತುಶಿಲ್ಪಿ ಜೇಮ್ಸ್ ಪೇನ್‌ನ ಕೈಕೆಲಸ. ಇಷ್ಟೆಲ್ಲ ಆದದ್ದು ಕಿಟಕಿಯಲ್ಲಿ ನಿಂತವರಿಗಾಗಿ ಮತ್ತು ಸಾರೋಟಿನಲ್ಲಿ ಬರುವವರಿಗಾಗಿ. ನಡೆಯುವವನನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಾಗಾಗಿಯೇ ಅವನಿಗೆ ಈ ನಾಟಕ ಪಕ್ಕದ ಪರದೆಯ ಸಂದಿಯಿಂದ ಕಾಣುತ್ತದೆ.

ಬಾಸ್ಲೋ ಊರಿನ ಕಡೆಯಿಂದ ಹೊಗುವುದು ಒಳ್ಳೆಯದು. ಅಲ್ಲಿಂದ ಬಂಗಲೆಗೆ ಸುಮಾರು ಅರ್ಧ ಗಂಟೆಯ ಸಮತಟ್ಟು ದಾರಿ. ಒಂದು ಸಣ್ಣ ತೊರೆ, ಕೆಲವು ಮನೆ ದಾಟಿದರೆ ಗಾಲಿಕುರ್ಚಿಯೂ ಹಾಯುವ, ಗುಂಡಗೆ ತಿರುಗುವ ದೊಡ್ಡ ಗೇಟು. ಇಂಗ್ಲೆಂಡಿನ ಉಳಿದ ಕಾಲುದಾರಿಗಳಲ್ಲಿ ಇಷ್ಟು ಉದಾರತೆ ಅಪರೂಪ. ಅಲ್ಲಿ ಸಾಮಾನ್ಯವಾಗಿ ಇರುವುದು ಕಿಸ್ಸಿಂಗ್ ಗೇಟ್: ಅರ್ಧವೃತ್ತದ ಅಥವಾ ಮೂಲೆಯಾಕಾರದ ಒಂದು ಬೇಲಿ, ಅದರ ಎರಡು ತುದಿಗಳ ನಡುವೆ ಮಾತ್ರ ಆಡುವ ಒಂದು ಬಾಗಿಲು. ಪೂರ್ತಿ ತೆರೆಯುವುದೆಂಬುದೇ ಅದಕ್ಕೆ ಗೊತ್ತಿಲ್ಲ. ನಮ್ಮ ಮಲೆನಾಡಿನ ತಡಮೆಯ ಹಾಗೆ ಮನುಷ್ಯನನ್ನು ಬಿಟ್ಟು ದನವನ್ನು ನಿಲ್ಲಿಸುವುದು ಅದರ ಕಸುಬು. ಹಾಯುವ ಕ್ರಮ ಸರಳ: ಬಾಗಿಲು ತಳ್ಳಿ ಒಳಗೆ ಬರಬೇಕು, ಬೇಲಿಯ ಮೂಲೆಗೆ ಬೆನ್ನು ಒತ್ತಬೇಕು, ಬಾಗಿಲನ್ನು ಹೊಟ್ಟೆಯ ಮುಂದಿನಿಂದ ಆಚೆ ತುದಿಗೆ ದಾಟಿಸಬೇಕು, ಹೊರಬೀಳಬೇಕು. ಬೆನ್ನಿನ ಚೀಲ ದೊಡ್ಡದಾದರೆ ಮೂಲೆಯನ್ನು ಚೀಲವೇ ಆಕ್ರಮಿಸಿ ಬಾಗಿಲು ಹೊಟ್ಟೆಗೆ ಬಡಿಯುತ್ತದೆ; ಚೀಲ ಕಳಚಿ ಬೇಲಿಯ ಮೇಲಿನಿಂದ ಆಚೆ ಇಡುವುದೇ ಉಪಾಯ. ಒಂದು ಸಲಕ್ಕೆ ಒಬ್ಬರೇ. ಇಬ್ಬರು ನುಗ್ಗಿದರೆ ಇಬ್ಬರೂ ಸಿಕ್ಕಿಬೀಳುತ್ತಾರೆ, ಮದುವೆಯಾದವರಾದರೂ ಸರಿಯೇ.

ಗೇಟಿನ ಬುಡದಲ್ಲಿ ಕೆಸರು ಖಾತ್ರಿ. ಎಲ್ಲರ ಕಾಲೂ ಅಲ್ಲೇ ಬೀಳುವುದರಿಂದ ಮಣ್ಣು ಅಡಕವಾಗಿ ನೀರು ಇಂಗುವುದಿಲ್ಲ. ನೀರು ನಿಂತಲ್ಲಿ ಹುಲ್ಲು ಸಾಯುತ್ತದೆ, ಹುಲ್ಲು ಸತ್ತಲ್ಲಿ ಕೆಸರು ಏಳುತ್ತದೆ. ಬಂದವರು ಬೂಟು ಉಳಿಸಿಕೊಳ್ಳಲು ಪಕ್ಕದ ಹುಲ್ಲಿಗೆ ಕಾಲಿಡುತ್ತಾರೆ. ನಾಳೆ ಅದೂ ಕೆಸರು, ನಾಡಿದ್ದು ಅದರ ಪಕ್ಕದ್ದೂ. ಒಂದಡಿಯ ಹಾದಿ ಒಂದು ಚಳಿಗಾಲದಲ್ಲಿ ಎತ್ತಿನಗಾಡಿ ಹೋಗುವಷ್ಟು ಅಗಲವಾಗುವುದು ಹೀಗೆ. ಮರ್ಯಾದಸ್ಥರ ಲಕ್ಷಣವೆಂದರೆ ನೀರು ಒಳಹೋಗದ ಬೂಟು ತೊಟ್ಟು ಕೆಸರಿನ ನಟ್ಟನಡುವೆ ನಡೆಯುವುದು. ಬಿಳಿ ಕ್ಯಾನ್ವಾಸ್ ಶೂ ತೊಟ್ಟು ಬಂದವರು ಹಾದಿ ಅಗಲವಾಗುವ ಪಾಪಕ್ಕೆ ಪಾಲುದಾರರು.

ಪಾರ್ಕಿನ ಮರಗಳನ್ನು ದೂರದಿಂದ ನೋಡಿ. ಎಲ್ಲವುಗಳ ಕೆಳಗಂಚು ಒಂದೇ ಎತ್ತರಕ್ಕೆ, ರೂಲರ್ ಹಿಡಿದು ಕತ್ತರಿಸಿದಷ್ಟು ನೇರ. ಇದು ಮಾಲಿಯ ಕತ್ತರಿಯಲ್ಲ, ಜಿಂಕೆಯ ನಾಲಿಗೆ. ಸಣ್ಣ ಫ್ಯಾಲೋ ಜಿಂಕೆಗೆ ಸುಮಾರು ಒಂದೂವರೆ ಮೀಟರ್ ಎಟುಕುತ್ತದೆ, ಕೆಂಪು ಜಿಂಕೆಗೂ ದನಕ್ಕೂ ಇನ್ನಷ್ಟು. ಈ ಗೆರೆ ಇರುವುದರಿಂದಲೇ ಕಣ್ಣು ಮರಗಳ ಅಡಿಯಿಂದ ಹಾಯ್ದು ದೂರದ ಹೊಳೆಯವರೆಗೆ ಹೋಗುತ್ತದೆ. ಜಿಂಕೆಗಳನ್ನು ಒಂದು ಹತ್ತು ವರ್ಷ ಹೊರಗಿಟ್ಟರೆ ಬ್ರೌನ್‌ನ ಅರ್ಧ ನೋಟ ಪೊದೆಯಲ್ಲಿ ಮುಚ್ಚಿಹೋದೀತು. ಎಳೆ ಸಸಿಯ ಸುತ್ತ ಆಳೆತ್ತರದ ಮರದ ಪಂಜರ ಕಂಡರೆ, ಇನ್ನೂರು ವರ್ಷದ ಮುದಿ ಮರಕ್ಕೆ ಉತ್ತರಾಧಿಕಾರಿಯನ್ನು ಬೆಳೆಸುತ್ತಿದ್ದಾರೆಂದು ಅರ್ಥ.

ಸೇತುವೆ ದಾಟಿ ಪಶ್ಚಿಮದ ಇಳಿಜಾರಿಗೆ ಬಂದಾಗ ಕಣ್ಣಿಗಿಂತ ಮೊದಲು ಕಾಲಿಗೆ ಒಂದು ವಿಷಯ ತಿಳಿಯುತ್ತದೆ. ಕೆಲವು ಹೆಜ್ಜೆ ಏರು, ಕೆಲವು ಹೆಜ್ಜೆ ತಗ್ಗು, ಮತ್ತೆ ಏರು. ಇವು ಮಧ್ಯಯುಗದ ಹೊಲದ ಏರಿಗಳು. ಆಗಿನ ಭಾರದ ನೇಗಿಲು ಮಣ್ಣನ್ನು ಒಂದೇ ಮಗ್ಗುಲಿಗೆ ಮಗುಚುತ್ತಿತ್ತು. ಪಟ್ಟೆಯ ಸುತ್ತ ಒಂದೇ ದಿಕ್ಕಿನಲ್ಲಿ ತಿರುಗಿ ಉಳುತ್ತ ಹೋದರೆ ವರ್ಷದಿಂದ ವರ್ಷಕ್ಕೆ ಮಣ್ಣು ನಡುವಿಗೆ ಸೇರಿ ದಿಬ್ಬವಾಗುತ್ತದೆ, ಇಕ್ಕೆಲದ ತಗ್ಗಿನಲ್ಲಿ ಮಳೆನೀರು ಬಸಿದುಹೋಗುತ್ತದೆ. ಹಲವು ಕಡೆ ಈ ಏರಿಗಳು ನೆಟ್ಟಗಿರದೆ ಎರಡೂ ತುದಿಯಲ್ಲಿ ಬಳುಕುತ್ತವೆ. ಎತ್ತು ಹೂಡಿ ಉತ್ತವರಿಗೆ ಕಾರಣ ಹೇಳಬೇಕಿಲ್ಲ: ಎಂಟು ಎತ್ತುಗಳ ಉದ್ದನೆಯ ಸಾಲನ್ನು ಹೊಲದ ಕೊನೆಯಲ್ಲಿ ಥಟ್ಟನೆ ತಿರುಗಿಸಲಾಗದು, ಮೊದಲೇ ಓರೆ ಎಳೆಯಬೇಕು. ಈ ಹೊಲಗಳು ಡ್ಯೂಕನ ಪಾರ್ಕು ಸೇರಿ ಹುಲ್ಲುಗಾವಲಾದವು. ಆಮೇಲೆ ನೇಗಿಲು ತಾಗಲಿಲ್ಲವಾಗಿ ಹಳೆಯ ರೈತರ ಗೆಯ್ಮೆ ಅಲ್ಲೇ ಉಳಿದುಬಿಟ್ಟಿದೆ. ಬೇಸಿಗೆಯ ನಡುಹಗಲಿನಲ್ಲಿ ಹುಡುಕಿದರೆ ಸಿಗದು. ಚಳಿಗಾಲದ ಓರೆ ಬಿಸಿಲು ಅಥವಾ ತೆಳ್ಳಗೆ ಬಿದ್ದ ಹಿಮ ಬೇಕು.

ಉತ್ತವರ ಊರು ಎಡೆನ್ಸರ್. ಅದರ ಹಳೆಯ ಮನೆಗಳು ಹೊಳೆಯ ಕಡೆಗೆ ಇಳಿದು ಬಂಗಲೆಯ ಕಿಟಕಿಗೆ ಕಾಣುತ್ತಿದ್ದವು. 1830ರ ದಶಕದ ಕೊನೆಗೆ ಆರನೆಯ ಡ್ಯೂಕ್ ಅವನ್ನು ತೆಗೆಸಿ ದಿಬ್ಬದ ಮರೆಯಲ್ಲಿ ಹೊಸ ಊರು ಕಟ್ಟಿಸಿದ. ಒಂದು ಮನೆ ಸ್ವಿಸ್, ಒಂದು ಇಟಾಲಿಯನ್, ಇನ್ನೊಂದು ಟ್ಯೂಡರ್. ನಮೂನೆಯ ಪುಸ್ತಕ ಕೊಟ್ಟಾಗ ಎಲ್ಲವೂ ಇರಲಿ ಎಂದವರ ಊರು. ಹಳೆಯದರಲ್ಲಿ ಒಂದೇ ಒಂದು ಮನೆ ಗೋಡೆ ಕಟ್ಟಿದ ಹಿತ್ತಿಲೊಳಗೆ ರಸ್ತೆಯ ಈಚೆ ಒಂಟಿಯಾಗಿ ಉಳಿದಿದೆ. ಅದು ಯಾಕೆ ಉಳಿಯಿತೆಂಬುದಕ್ಕೆ ಕಥೆಗಳಿಗೇನೂ ಬರವಿಲ್ಲ.

ಎಡೆನ್ಸರ್ ಚರ್ಚಿನ ಅಂಗಳದಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಮಲಗಿದ್ದಾನೆ. 1826ರಲ್ಲಿ ಮುಖ್ಯ ತೋಟಗಾರನಾಗಿ ಬೆಳಗಿನ ಜಾವ ನಾಲ್ಕೂವರೆಗೆ ಬಂದಿಳಿದು, ಯಾರೂ ಎದ್ದಿಲ್ಲವೆಂದು ಗೇಟು ಹತ್ತಿ ಒಳಗೆ ಧುಮುಕಿದೆನೆಂದು ಅವನೇ ಹೇಳಿಕೊಂಡಿದ್ದಾನೆ. 1851ರ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಅವನದೇ. ನಮ್ಮ ಲಾಲ್‌ಬಾಗಿನ ಗಾಜಿನ ಮನೆಗೆ ಅದೇ ಮಾದರಿ. ಇಲ್ಲಿನ ಬಿಸಿಮನೆಯಲ್ಲಿ 1830ರ ದಶಕದಲ್ಲಿ ಅವನು ಬೆಳೆಸಿದ ಬಾಳೆಗೆ ಡ್ಯೂಕನ ಮನೆತನದ ಹೆಸರು ಬಿತ್ತು: ಕ್ಯಾವೆಂಡಿಶ್. ನಮ್ಮ ಅಂಗಡಿಗಳಲ್ಲಿ ತೂಗುವ ಪಚ್ಚಬಾಳೆ, ರೈತರು ಜಿ-9 ಎನ್ನುವ ತಳಿ, ಎಲ್ಲ ಆ ಬಳಗವೇ. ಆದ್ದರಿಂದ ಕನ್ನಡಿಗರು ನಡಿಗೆಯ ನಡುವೆ ಒಂದು ಬಾಳೆಹಣ್ಣು ತಿನ್ನಬೇಕಾದರೆ ಈ ಚರ್ಚಿನ ಅಂಗಳದ ಹೊರಗಿನ ಬೆಂಚಿಗಿಂತ ತಕ್ಕ ಜಾಗವಿಲ್ಲ. ಸಿಪ್ಪೆ ಚೀಲಕ್ಕೆ.

ಇಲ್ಲಿಂದ ಹಿಂದಿರುಗಿ ನೋಡಿದಾಗ ಬಂಗಲೆಯ ಪಕ್ಕ ನೀರಿನ ಕಂಬವೊಂದು ಎದ್ದಿದ್ದರೆ ಅದೃಷ್ಟ. ರಷ್ಯದ ತ್ಸಾರ್ ಒಂದನೆಯ ನಿಕೊಲಾಸ್ ಬರುತ್ತಾನೆಂದು 1844ರಲ್ಲಿ ಪ್ಯಾಕ್ಸ್‌ಟನ್ ಮಾಡಿಸಿದ ಕಾರಂಜಿ ಅದು. ಪಂಪು ಇಲ್ಲ. ಮೇಲಿನ ಗುಡ್ಡದಲ್ಲಿ ಎಂಟು ಎಕರೆಯ ಕೆರೆ ತೋಡಿಸಿ, ನೀರಿನ ಇಳಿತದ ಒತ್ತಡದಿಂದಲೇ ಚಿಮ್ಮಿಸಿದ. ಒಮ್ಮೆ 90 ಮೀಟರ್ ಮುಟ್ಟಿತ್ತು. ತ್ಸಾರ್ ಬರಲೇ ಇಲ್ಲ.

ಹೊಳೆಗುಂಟ ದಕ್ಷಿಣಕ್ಕೆ ಕಾಲ್ಟನ್ ಲೀಸ್‌ವರೆಗೆ ಹೋದರೆ ಪೇನ್‌ನ ಹಿಟ್ಟಿನ ಗಿರಣಿಯ ಹಾಳುಗೋಡೆ ಸಿಗುತ್ತದೆ. 1962ರ ಬಿರುಗಾಳಿಗೆ ಮರ ಬಿದ್ದು ಅದು ಕುಸಿಯಿತು. ಮಳೆ ಜೋರಾದ ವಾರದಲ್ಲಿ ದಂಡೆಯ ಹಾದಿಗೆ ನೀರು ಹತ್ತುತ್ತದೆ. ಆಗ ಮೇಲಿನ ಇಳಿಜಾರಿನಲ್ಲೇ ಬರುವುದು ಜಾಣತನ. ಅಕ್ಟೋಬರ್ ಗಂಡು ಜಿಂಕೆಗಳಿಗೆ ಮದ ಏರುವ ಕಾಲ, ಐವತ್ತು ಮೀಟರ್ ದೂರವಾದರೂ ಇರಬೇಕು. ಜೂನ್‌ನಲ್ಲಿ ಹುಲ್ಲೊಳಗೆ ಒಂಟಿ ಮರಿ ಕಂಡರೆ ತಾಯಿ ಬಿಟ್ಟುಹೋಗಿದೆಯೆಂದು ಮರುಗಿ ಮುಟ್ಟಬಾರದು. ಅಡಗಿಸಿ ಮೇಯಲು ಹೋಗಿರುತ್ತದೆ, ಮನುಷ್ಯರ ವಾಸನೆಯಿಂದ ತೊಂದರೆಯೇ ಹೆಚ್ಚು. ಜರಿಗಿಡದ ಪೊದೆಯಲ್ಲಿ ಉಣ್ಣೆಹುಳ ಕಾದಿರುತ್ತದೆ, ಪ್ಯಾಂಟಿನ ಅಂಚು ಕಾಲುಚೀಲದೊಳಗೆ ತುರುಕಿಕೊಳ್ಳುವುದು ಲೇಸು.

ಬಂಗಲೆಯ ಪಶ್ಚಿಮ ಮುಖದ ಕಿಟಕಿ ಚೌಕಟ್ಟುಗಳಿಗೆ ಚಿನ್ನದ ರೇಕು ಹಚ್ಚಿದ್ದಾರೆ. ಅದು ಹೊತ್ತಿಕೊಳ್ಳುವುದು ಮಧ್ಯಾಹ್ನದ ಇಳಿಬಿಸಿಲಿಗೆ, ನೋಡಬೇಕಾದದ್ದು ಹೊಳೆಯ ಆಚೆ ದಡದಿಂದ. ಹಾಗಾಗಿ ಬೆಳಗ್ಗೆ ಪೂರ್ವದಂಡೆಯಲ್ಲಿ ಬಂದು, ಎಡೆನ್ಸರ್ ನೋಡಿ, ಮಧ್ಯಾಹ್ನ ಪಶ್ಚಿಮದಂಡೆಯಲ್ಲಿ ಇರುವಂತೆ ಸುತ್ತು ಹಾಕಿಕೊಳ್ಳಬೇಕು. ಡಿಸೆಂಬರಿನಲ್ಲಿ ಊಟ ಮುಗಿಸಿ ಹೊರಟರಾಯಿತು ಎನ್ನುವವರಿಗೆ ಒಂದು ಮಾತು: ಅಲ್ಲಿ ನಾಲ್ಕು ಗಂಟೆಯ ಒಳಗೇ ಸೂರ್ಯ ಮುಳುಗುತ್ತಾನೆ, ಹುಲ್ಲಿನ ಹಾದಿಗೆ ದೀಪದ ಕಂಬಗಳಿಲ್ಲ. ಟಾರ್ಚು ಇರಲಿ, ಅದೂ ಚೀಲದ ತಳದಲ್ಲಲ್ಲ, ಹೊರಗಿನ ಜೇಬಿನಲ್ಲಿ.