ಬಾಯಮ್ಮನ ಹೆಸರಿನ ಕೊಕ್ಕೆ

ನಡೆಯುವ ಕೆಲಸಕ್ಕೆ ಕೊಕ್ಕೆ ಹಾಕುವವರು ಕಚೇರಿಗೊಬ್ಬರಿರುತ್ತಾರೆ. ನಮ್ಮ ನೆರೆಮನೆಯ ಬಾಯಮ್ಮನಿಗೆ ಮಾತ್ರ ಕೊಕ್ಕೆ ಹೆಸರಿನಲ್ಲೇ ಇದೆ: ಡಿ’ಸೋಜ. ಡಿ ಆದಮೇಲೆ ಗಾಳದ ಹಾಗೆ ಮೇಲೆ ತೂಗುವ ಆ ಪುಟ್ಟ ಗೆರೆ. ಮಂಗಳೂರಿನಲ್ಲಿ ಅದೇನೂ ಅಪರೂಪವಲ್ಲ. ಬೆಂದೂರಿನಲ್ಲಿ ನಿಂತು ಕಲ್ಲೆಸೆದರೆ ಒಬ್ಬ ಡಿ’ಸೋಜರ ಅಂಗಳಕ್ಕೇ ಬೀಳುತ್ತದೆ, ಗುರಿ ತಪ್ಪಿದರೆ ಡಿ’ಸಿಲ್ವರ ಅಂಗಳಕ್ಕೆ.

ಆದರೆ ಬಾಯಮ್ಮ ಠೇವಣಿಯಿಟ್ಟ ಸಂಘದ ಹೊಸ ಸಾಫ್ಟ್‌ವೇರ್ ಈ ಊರಿನದಲ್ಲ. ಗುಮಾಸ್ತ ಕೊಕ್ಕೆ ಒತ್ತಿ ಎಂಟರ್ ಹೊಡೆದದ್ದೇ ತಡ, ಪರದೆ ತುಂಬ ಕೆಂಪು ಅಕ್ಷರದ ಬೈಗುಳ.

“ಬಾಯಮ್ಮ, ನಿಮ್ಮ ಹೆಸರಿನಲ್ಲಿ ವೈರಸ್ ಇದ್ದ ಹಾಗಿದೆ” ಎಂದ. ನಗಲೂ ಇಲ್ಲ.

ಇದ್ದದ್ದು ವೈರಸ್ಸಲ್ಲ. ಕಂಪ್ಯೂಟರಿನ ಖಾತೆಪುಸ್ತಕದ ಜೊತೆ ಮಾತಾಡುವ ಎಸ್‌ಕ್ಯೂಎಲ್ ಭಾಷೆಯಲ್ಲಿ ಹೆಸರನ್ನು ಎರಡು ಕೊಕ್ಕೆಗಳ ನಡುವೆ ಇಡುತ್ತಾರೆ. ಒಳಗೇ ಮತ್ತೊಂದು ಬಂದರೆ ಹೆಸರು ಅಲ್ಲಿಗೇ ಮುಗಿಯಿತೆಂದು ಯಂತ್ರ ತಿಳಿಯುತ್ತದೆ. ಡಿ ಮಾತ್ರ ಹೆಸರು, ಸೋಜ ಎನ್ನುವುದು ಆಜ್ಞೆ! ಸಾಧು ಸೋಜರೇ ಇಷ್ಟು ಒಳಗೆ ನುಗ್ಗಬಹುದಾದರೆ, ಕಿಡಿಗೇಡಿಯೊಬ್ಬ ಆ ಜಾಗದಲ್ಲಿ ನಿಜವಾದ ಆಜ್ಞೆಯನ್ನೇ ಬರೆದು ಇಡೀ ಖಾತೆಪುಸ್ತಕ ಓದಬಲ್ಲ, ಅಳಿಸಲೂ ಬಲ್ಲ. ಈ ಕಳ್ಳದಾರಿಯನ್ನು ಹ್ಯಾಕರ್‌ಗಳ ಪತ್ರಿಕೆಯೊಂದು 1998ರಲ್ಲೇ ಜಾಹೀರು ಮಾಡಿತ್ತು. ಹೆಸರನ್ನೂ ಆಜ್ಞೆಯನ್ನೂ ಬೇರೆಬೇರೆಯಾಗಿ ಕಳಿಸಿದರೆ ದಾರಿ ಮುಚ್ಚುತ್ತದೆ. ಅಷ್ಟೇ ಕೆಲಸ.

ಆಡಳಿತ ಮಂಡಳಿ ತುರ್ತು ಸಭೆ ಸೇರಿತು, ಗೋಳಿಬಜೆ ತಿಂದಿತು, ಇನ್ನೂ ದುಬಾರಿ ಆ್ಯಂಟಿವೈರಸ್ ಕೊಳ್ಳಲು ಸರ್ವಾನುಮತದಿಂದ ನಿರ್ಣಯಿಸಿತು. ಅದರ ಕೆಲಸವೇನಿದ್ದರೂ ಪುಂಡರ ಪಟ್ಟಿ ಹಿಡಿದು ಬಾಗಿಲಲ್ಲಿ ಮುಖ ನೋಡುವುದು, ಅನುಮಾನ ಬಂದವರನ್ನು ತಡೆಯುವುದು. ಮೇಸ್ತ್ರಿ ಹಿತ್ತಿಲ ಗೋಡೆಯನ್ನೇ ಕಟ್ಟದೆ ಹೋಗಿದ್ದರೆ ಬಾಗಿಲ ಕಾವಲುಗಾರ ಏನು ಮಾಡಿಯಾನು? ತಮಾಷೆಯೆಂದರೆ, ಸಾಫ್ಟ್‌ವೇರ್ ಬರೆದವನಿಗೆ ಫೋನಾಯಿಸಿದಾಗ ಅವನು ಹೇಳಿದ ಮೊದಲ ಮಾತು: “ಸರ್, ಆ್ಯಂಟಿವೈರಸ್ ಆಫ್ ಮಾಡಿ. ಅದಿದ್ದರೆ ನಮ್ಮದು ಓಡುವುದಿಲ್ಲ.” ಆಫ್ ಮಾಡಿದರು. ಅದರ ಪ್ರಮಾಣಪತ್ರ ಮಾತ್ರ ಕಟ್ಟು ಹಾಕಿಸಿಕೊಂಡು ಗಣಪತಿಯ ಪಟದ ಪಕ್ಕದಲ್ಲಿದೆ.

ತುಳುವರ ಆಟಿ ತಿಂಗಳ ಅಮಾವಾಸ್ಯೆಯಂದು ನಾವು ಬರಿಹೊಟ್ಟೆಗೆ ಪಾಲೆ ಮರದ ಕೆತ್ತೆಯ ಕಷಾಯ ಕುಡಿಯುತ್ತೇವಲ್ಲ, ಕಾಯಿಲೆ ಹತ್ತಿರ ಸುಳಿಯದಿರಲಿ ಎಂದು, ಸಂಘದವರಿಗೆ ಆ್ಯಂಟಿವೈರಸ್ ಅಂಥದ್ದು. ವರ್ಷಕ್ಕೊಮ್ಮೆ ಕಣ್ಣುಮುಚ್ಚಿ ನುಂಗಿ, ಮೆಂತೆ ಗಂಜಿ ಉಂಡು ಮಲಗಿದರಾಯಿತು. ಆದರೆ ನಸುಕಿನಲ್ಲಿ ಪಾಲೆಯೆಂದು ವಿಷದ ಕಾಸರಕನ ಕೆತ್ತೆ ತಂದರೆ ಹೆಣ ಬೀಳುತ್ತದೆ. 2024ರ ಜುಲೈ 19ರಂದು, ಆಟಿ ಕಾಲಿಟ್ಟು ಎರಡು ಮೂರು ದಿನವಾಗಿತ್ತಷ್ಟೆ, ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ತನ್ನ ಗಿರಾಕಿಗಳಿಗೆ ಅಪ್‌ಡೇಟ್ ಎಂದು ಕುಡಿಸಿದ್ದು ಆ ಕೆತ್ತೆಯನ್ನೇ. ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಪರದೆ ನೀಲಿಗಟ್ಟಿ ನಿಂತುಬಿಟ್ಟವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸ್‌ಗಳನ್ನು ಪೆನ್ನಿನಲ್ಲಿ ಬರೆದು ಕೊಟ್ಟರು. ಕಾರಣ ಕೇಳಿ: ಅವರ ತಂತ್ರಾಂಶ ಒಂದು ಕಡೆ ನಿರೀಕ್ಷಿಸಿದ್ದು 21 ಅಂಶ, ಇನ್ನೊಂದು ಕಡೆ ಒದಗಿಸಿದ್ದು 20. ಇಲ್ಲದ ಇಪ್ಪತ್ತೊಂದನೆಯದಕ್ಕೆ ಕೈಚಾಚಿ ಮುಗ್ಗರಿಸಿತು. ಉಡುಪಿಯ ಪಂಕ್ತಿಯಲ್ಲಿ ಸಾರು ಬಡಿಸುವ ಹುಡುಗನೂ ಎಲೆ ಇದೆಯೇ ಎಂದು ನೋಡಿಯೇ ಸೌಟು ಬಗ್ಗಿಸುತ್ತಾನೆ.

ಇತ್ತ ಬಾಯಮ್ಮನ ಪಾಸ್‌ಪುಸ್ತಕ ಕೊಕ್ಕೆಯಿಲ್ಲದೆ ಅಚ್ಚಾಗಿ ಬಂತು. ಆಧಾರ್ ಕಾರ್ಡಿನಲ್ಲಿ ಕೊಕ್ಕೆ ಇದೆ. ಹಾಗಾಗಿ ಬಡ್ಡಿ ತಡೆಹಿಡಿಯಲಾಗಿದೆ. ಇಬ್ಬರೂ ಒಬ್ಬರೇ ಎಂದು ಬಾಯಮ್ಮ ಛಾಪಾ ಕಾಗದದಲ್ಲಿ ಪ್ರಮಾಣ ಮಾಡಬೇಕಂತೆ. ತಪ್ಪು ಬರೆದವನಿಂದ ಯಾರೂ ಪ್ರಮಾಣ ಕೇಳಲಿಲ್ಲ.

ಕೋರ್ಟಿನ ಬಳಿ, ಮಳೆಗೆ ಟಾರ್ಪಾಲು ಕಟ್ಟಿಕೊಂಡು ಕುಳಿತ ಮುದುಕ ಟೈಪಿಸ್ಟ್ ಹೆಸರು ಕೇಳಿದ, ಹಳೆಯ ಯಂತ್ರದ ಒಂದು ಕೀಲಿಯನ್ನು ಟಕ್ಕೆಂದು ಕುಟ್ಟಿದ. ಕೊಕ್ಕೆ ಇದ್ದಲ್ಲೇ ಬಿತ್ತು.

“ಮುಂದಿನದು ಹೇಳಿ ಬಾಯಮ್ಮ” ಎಂದ.