ಆ ಕೆಂಪು 93
ಅಂಗಡಿಯ ಲಿನಕ್ಸ್ ಕಂಪ್ಯೂಟರಿನ ಮೆಮೊರಿ, ಅಂದರೆ ರ‍್ಯಾಮ್, ಶೇಕಡಾ 93 ತುಂಬಿದೆ ಅಂತ ತೋರಿಸಿತ್ತು. ಕೆಂಪು ಬಣ್ಣದಲ್ಲಿ. ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತಳದ ಆ ಸ್ಟೇಟಸ್ ಬಾರ್ ನಂಬಿ, ಮಾಲಕರ ಹತ್ತಿರ ಹೋಗಿ 8 ಜಿಬಿ ರ‍್ಯಾಮ್ ಕೇಳಿದವನು ನಾನೇ. ತರಿಸಿ ಹಾಕಿದೆ. ಮೊದಲ ದಿನ 20ರ ಆಸುಪಾಸು. ಎದೆ ಉಬ್ಬಿಸಿಕೊಂಡು ಓಡಾಡಿದೆ. ರಾತ್ರಿ ಬ್ಯಾಕಪ್ ನಡೆಯಿತು. ಬೆಳಿಗ್ಗೆ ಬಂದು ನೋಡಿದರೆ 91. ಮತ್ತೆ ಕೆಂಪು.

ಇವತ್ತು ಮಧ್ಯಾಹ್ನ ಗಂಜ್ ಮಾರುಕಟ್ಟೆಯ ಅಂಗಡಿಯಲ್ಲಿ, ತೊಗರಿ ಚೀಲದ ಧೂಳಿನ ನಡುವೆ, ಎಲ್ಲರ ಮುಂದೆ ಮತ್ತೆ ಬಾಯಿ ಬಿಟ್ಟೆ. "ಇನ್ನೊಂದು 8 ಬೇಕಾಗ್ತದ್ರಿ." ಹೋದ ತಿಂಗಳಷ್ಟೇ ಕೆಲಸಕ್ಕೆ ಸೇರಿದ ಹುಡುಗ ಎದ್ದು ಬಂದ. ನನ್ನ ಕೀಬೋರ್ಡನ್ನೇ ತನ್ನ ಕಡೆ ಎಳೆದುಕೊಂಡ. ಮೆಮೊರಿ ಲೆಕ್ಕ ತೋರಿಸುವ 'ಫ್ರೀ' ಕಮಾಂಡ್ ಟೈಪ್ ಮಾಡಿದ. "ಅಣ್ಣಾ, ಕಡೀಗಿ ಅವೇಲಬಲ್ ಅಂತ ಒಂದು ಕಾಲಂ ಅದ ನೋಡ್ರಿ. 12 ಜಿಬಿ ಮ್ಯಾಲ ಅದ." ಮೆತ್ತಗೆ ಹೇಳಿದ. ಬೈದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಮಾಲಕರು "ಹಂಗಂದ್ರ?" ಅಂದರು.

"ಲಿನಕ್ಸ್ ಓದಿದ ಫೈಲೆಲ್ಲ ಖಾಲಿ ಜಾಗದಾಗ ಇಟ್ಕೊಂಡಿರ್ತದ್ರಿ. ಬೇಕಂದಾಗ ಬಿಟ್ಟುಕೊಡ್ತದ."

"ಗೋದಾಮು ಖಾಲಿ ಇದ್ದಾಗ ಮಂದಿ ಚೀಲ ಇಟ್ಟಂಗ. ನಮ್ಮ ಮಾಲ ಬಂದ್ರ ತೆಗಸೂದು. ಅಷ್ಟ ಅಲ್ಲೇನು?"

ಅಷ್ಟ ಅಲ್ಲೇನು ಅಂತೆ! ಟರ್ಮಿನಲ್ ಅಂದರೆ ಏನಂತ ಗೊತ್ತಿಲ್ಲದ ಮನುಷ್ಯ. ಎರಡು ವರ್ಷ ನನಗೆ ಹೊಳೆಯದ್ದು ಅವರಿಗೆ ಒಂದು ಗುಟುಕು ಚಹಾದಲ್ಲಿ ಹೊಳೆಯಿತು. ಚಹಾ ತಂದ ಹುಡುಗನೂ ನಕ್ಕ. ಹೊರಗೆ ಕಲಬುರಗಿ ಬಿಸಿಲು, ಒಳಗೆ ನನ್ನ ಮುಖ. ಸುಮ್ನೆ ಫ್ಯಾನ್ ನೋಡುತ್ತಾ ನಿಂತೆ. ಅಷ್ಟ ಅಲ್ಲೇನು.

ಆ ಸ್ಟೇಟಸ್ ಬಾರಿಗೆ ಲೆಕ್ಕ ಹಾಕಿಕೊಡುವ ಸ್ಕ್ರಿಪ್ಟ್ ಬರೆದ ಪುಣ್ಯಾತ್ಮನಿಗೆ ಏನು ಹೇಳಲಿ? ಒಟ್ಟು ಮೆಮೊರಿಯಾದ ಮೆಮ್‌ಟೋಟಲ್‌ನಿಂದ ಪೂರ್ತಿ ಖಾಲಿ ಇರುವ ಮೆಮ್‌ಫ್ರೀ ಕಳೆದು ಕೈ ತೊಳೆದುಕೊಂಡಿದ್ದಾನೆ. ಓದಿದ ಫೈಲು ಇಟ್ಟುಕೊಳ್ಳುವ ಆ ಜಾಗ, ಅಂದರೆ ಪೇಜ್ ಕ್ಯಾಶ್, ಪೂರ್ತಿ ಬಳಕೆಯ ಲೆಕ್ಕಕ್ಕೆ ಬಿತ್ತು. 2014ರಲ್ಲಿ ಲಿನಕ್ಸಿನ ತಿರುಳಾದ ಕರ್ನಲ್‌ನ 3.14 ಆವೃತ್ತಿ ಬಂದಾಗಿನಿಂದ ಮೆಮ್‌ಅವೇಲಬಲ್ ಅನ್ನೋ ಸಾಲು ಈ ಲೆಕ್ಕವೆಲ್ಲ ಇರುವ ಅದೇ ಮೆಮ್‌ಇನ್ಫೋ ಫೈಲಿನಲ್ಲಿ, ಮೆಮ್‌ಫ್ರೀ ಕೆಳಗೇ ಕೂತಿದೆ. ಇನ್ನೊಂದು ಸಾಲು ಕೆಳಗೆ ಓದೋಕೆ ಏನು ರೋಗ? ಯಾರಾದ್ರೂ ಉತ್ತರ ಕೊಡಿ. ಯಾರಾದ್ರೂ ಸರಿ.

ಹೋಗಲಿ, ಅವನನ್ನು ಬೈದು ಏನು ಬಂತು. ಓದದೆ ನಕಲು ಹೊಡೆದು ಅಂಟಿಸಿದ್ದು ನಾನು. 80 ದಾಟಿದರೆ ಕೆಂಪಾಗಲಿ ಅಂತ ಬಣ್ಣ ಹಚ್ಚಿದ್ದೂ ನಾನೇ. ಆ ಸ್ಕ್ರಿಪ್ಟಿನಲ್ಲಿ ನನ್ನ ಸ್ವಂತ ಬುದ್ಧಿ ಅಂದರೆ ಅದೊಂದೇ. ಆದರೂ ಅವನು ಹಾಗೆ ಬರೆಯಬಾರದಿತ್ತು, ಅಲ್ವಾ?

ರಾತ್ರಿ ಕೂತು ಸರಿ ಮಾಡಿದೆ. ಈಗ 19, ಹಸಿರು. ನಾಳೆ ಮಾಲಕರು ಕೇಳುವುದು ಅದನ್ನಲ್ಲ. 3,500 ರೂಪಾಯಿ ರ‍್ಯಾಮ್ ಅಂಗಡಿಯವರು ವಾಪಸ್ ತಗೋತಾರಾ ಅಂತ ಕೇಳುತ್ತಾರೆ. ಅದರ ಡಬ್ಬಿ ಎಸೆದುಬಿಟ್ಟಿದ್ದೇನೆ.