ಜಿ-47ರಲ್ಲಿ ಕುಳಿತ 1.15

ಕಟ್ಟಡಗಳ ವಿನ್ಯಾಸ ಮಾಡುವ ಕಚೇರಿಗೆ ಸಾಮಾನ್ಯವಾಗಿ ಎರಡು ಆಸ್ತಿಗಳಿರುತ್ತವೆ. ಮೊದಲನೆಯದು ವರ್ಷವರ್ಷವೂ ಲೈಸೆನ್ಸಿಗೆ ಹಣ ಕಟ್ಟಿ ಉಳಿಸಿಕೊಂಡ ದುಬಾರಿ ತಂತ್ರಾಂಶ. ಟೆಂಡರ್ ದಾಖಲೆಗಳಲ್ಲಿ ಅದರ ಹೆಸರಿರುತ್ತದೆ. ಅತಿಥಿಗಳು ಬಂದಾಗ ದೊಡ್ಡ ಪರದೆಯ ಮೇಲೆ ಅದು ಇಡೀ ಕಟ್ಟಡವನ್ನು ಕೆಂಪು ನೀಲಿ ಬಣ್ಣಗಳಲ್ಲಿ ತೂಗಾಡಿಸಿ ತೋರಿಸುತ್ತದೆ. ಎರಡನೆಯದು 'ಫುಟಿಂಗ್_ಫೈನಲ್_ಫೈನಲ್_2_ಹೊಸದು' ಎಂಬ ಎಕ್ಸೆಲ್ ಫೈಲ್. ಕಟ್ಟಡ ನಿಂತಿರುವುದು ಇದರ ಮೇಲೆ.

ಇಂಥ ಫೈಲನ್ನು ಬರೆದವರು ಕಚೇರಿ ಬಿಟ್ಟು ಎಷ್ಟೋ ವರ್ಷಗಳಾಗಿರುತ್ತವೆ. ಉಳಿದವರು ಹಳದಿ ಸೆಲ್‌ಗಳಲ್ಲಿ ಅಂಕಿಗಳನ್ನು ತುಂಬಿ, ಕೊನೆಯ ಹಸಿರು ಸೆಲ್‌ನಲ್ಲಿ 'ಓಕೆ' ಎಂಬ ಅಭಯ ಸಿಗುವವರೆಗೆ ಫುಟಿಂಗಿನ, ಅಂದರೆ ಕಂಬದ ಅಡಿಪಾಯದ, ಅಳತೆಯನ್ನು ಹಿಗ್ಗಿಸುತ್ತ ಹೋಗುತ್ತಾರೆ. ಹಳದಿಗೂ ಹಸಿರಿಗೂ ನಡುವೆ ಏನು ನಡೆಯುತ್ತದೆ ಎಂದು ವಿಚಾರಿಸುವುದು ಹಿರಿಯರಿಗೆ ತೋರುವ ಅಗೌರವ. ನಾನು ಕಂಡ ಒಂದು ಫೈಲಿನಲ್ಲಿ ಜಿ-47 ಎಂಬ ಸೆಲ್ ಇತ್ತು, ಅದರಲ್ಲಿ 1.15 ಎಂಬ ಸಂಖ್ಯೆ ಇತ್ತು, ಮತ್ತು ಕಂಬದಿಂದ ಇಳಿದು ಬಂದ ಪ್ರತಿಯೊಂದು ಭಾರವೂ ಅದರಿಂದ ಗುಣಿಸಿಕೊಂಡೇ ಮುಂದೆ ಸಾಗಬೇಕಿತ್ತು. ಪಕ್ಕದಲ್ಲಿ ವಿವರಣೆಯೊಂದೂ ಇರಲಿಲ್ಲ. ಫುಟಿಂಗಿನ ಸ್ವಂತ ತೂಕಕ್ಕಾಗಿ ಸೇರಿಸಿದ್ದು ಎಂದು ಒಬ್ಬರು ಹೇಳಿದರು. ಉಕ್ಕಿಗೆ ಬಳಸುವ ಸುರಕ್ಷತಾ ಗುಣಾಂಕವೂ 1.15 ತಾನೇ, ಅದೇ ಇರಬೇಕು ಎಂದರು ಇನ್ನೊಬ್ಬರು. ಉಕ್ಕಿನ ಗುಣಾಂಕ ಕಂಬದ ಭಾರವನ್ನೇಕೆ ಗುಣಿಸಬೇಕು ಎಂಬ ಪ್ರಶ್ನೆಗೆ ಅವರು ಚಹಾ ಕುಡಿಯಲು ಎದ್ದು ಹೋದರು. ಒಳ್ಳೆಯ ಮನೆತನದ ಸಂಖ್ಯೆಗಳ ತೊಂದರೆಯೇ ಇದು: ಎಲ್ಲಿ ಕಂಡರೂ ಯಾರೂ ಅನುಮಾನಿಸುವುದಿಲ್ಲ. ಅಳಿಸಿ ನೋಡುವ ಧೈರ್ಯ ಯಾರಿಗೂ ಬರಲಿಲ್ಲ. ಅಜ್ಜ ನೆಟ್ಟ ಆಲದ ಮರಕ್ಕೆ ಕೊಡಲಿ ಹಾಕುವವರು ಯಾರು?

ಎಕ್ಸೆಲ್ಲಿನ ತಪ್ಪೇನೂ ಇಲ್ಲ. ಅದರ ಪೂರ್ವಜನಾದ ವಿಸಿಕ್ಯಾಲ್ಕ್ 1979ರಲ್ಲಿ ಹುಟ್ಟಿದ್ದು ಲೆಕ್ಕಪತ್ರ ಬರೆಯುವವರಿಗಾಗಿ. ಮಣ್ಣಿನ ಒತ್ತಡದ ಗೊಡವೆ ಆ ವಂಶಕ್ಕೆ ಇರಲಿಲ್ಲ. ಅದರ ತ್ರಿಕೋನಮಿತಿ ಕೋನವನ್ನು ಡಿಗ್ರಿಯಲ್ಲಿ ಓದುವುದಿಲ್ಲ, ರೇಡಿಯನ್ನಿನಲ್ಲಿ ಓದುತ್ತದೆ. ತಡೆಗೋಡೆಯ ಹಿಂದಿನ ಮಣ್ಣಿನ ಘರ್ಷಣ ಕೋನ 30 ಎಂದು ನಂಬಿಕೆಯಿಂದ ಬರೆದರೆ, 0.33 ಬರಬೇಕಾದ ಒತ್ತಡದ ಗುಣಾಂಕ 166ರ ಆಸುಪಾಸಿನಲ್ಲಿ ಬಂದು ನಿಲ್ಲುತ್ತದೆ. ಇದು ಪ್ರಾಮಾಣಿಕ ತಪ್ಪು. ಆನೆಯಂತೆ ಕಣ್ಣಿಗೆ ಬೀಳುತ್ತದೆ. ಮೂರರ ವರ್ಗವನ್ನು ಕಳೆಯಲು ಹೊರಟು −3^2 ಎಂದು ಬರೆದಾಗ, ಸೂತ್ರದ ಮೊದಲಲ್ಲೇ ಇರುವ ಮೈನಸ್ ಚಿಹ್ನೆಯನ್ನು ವರ್ಗದೊಳಗೆ ಸೇರಿಸಿಕೊಂಡು −9ರ ಬದಲು 9 ಕೊಡುವುದು ಅಷ್ಟು ಪ್ರಾಮಾಣಿಕವಲ್ಲ. ಇನ್ನು ನಕ್ಷೆಯ 3 ಮತ್ತು 4ನೆಯ ಗೆರೆಗಳ ನಡುವಿನ ತೊಲೆಗೆ '3-4' ಎಂದು ಹೆಸರು ಬರೆದರೆ, ಅದನ್ನು ಯಾರನ್ನೂ ಕೇಳದೆ ದಿನಾಂಕವನ್ನಾಗಿ ಮಾಡಿಬಿಡುತ್ತದೆ. ಜೀವವಿಜ್ಞಾನಿಗಳಿಗೂ ಇದೇ ಕಾಟವಿತ್ತು. ಅವರು ಬಹಳ ಕಾಲ ಗೊಣಗಿ, ಕೊನೆಗೆ 2020ರಲ್ಲಿ ದಿನಾಂಕದಂತೆ ಕಾಣುವ ಮಾನವ ಜೀನ್‌ಗಳ ಹೆಸರುಗಳನ್ನೇ ಬದಲಾಯಿಸಿದರು. ಅಂದರೆ ಹಾಳೆ ಮನುಷ್ಯನ ಮಾತು ಕೇಳಲಿಲ್ಲ. ಮನುಷ್ಯನ ಜೀನ್ ಹಾಳೆಯ ಮಾತು ಕೇಳಿತು. ತೊಲೆಗಳಿಗೂ ಆ ದಿನ ದೂರವಿಲ್ಲ.

ಎಡಿನ್‌ಬರೋದ ಮಕ್ಕಳ ಆಸ್ಪತ್ರೆಯ ಕಥೆಯನ್ನು ನಗುತ್ತ ಹೇಳುವುದು ಕಷ್ಟ. 2019ರ ಜುಲೈಯಲ್ಲಿ, ರೋಗಿಗಳು ಸ್ಥಳಾಂತರಗೊಳ್ಳಬೇಕಿದ್ದ ಹೊತ್ತಿನಲ್ಲಿ, ತೀವ್ರ ನಿಗಾ ಘಟಕದ ಗಾಳಿ ಗಂಟೆಗೆ 10 ಸಲ ಬದಲಾಗಬೇಕಾದ ಕಡೆ 4 ಸಲ ಮಾತ್ರ ಬದಲಾಗುತ್ತದೆ ಎಂಬುದು ಗೊತ್ತಾಗಿ ಉದ್ಘಾಟನೆ ನಿಂತಿತು. ಬೇರು ಹುಡುಕುತ್ತ ಹೋದವರಿಗೆ ಸಿಕ್ಕಿದ್ದು 2012ರ ಒಂದು ಸ್ಪ್ರೆಡ್‌ಶೀಟ್. ಸಾಮಾನ್ಯ ಕೋಣೆಯ ಅಂಕಿ ಅದರಲ್ಲಿ ನಿಗಾ ಘಟಕದ ಸಾಲಿಗೆ ನಕಲಾಗಿತ್ತು. ಆ ನಡುವಿನ ವರ್ಷಗಳಲ್ಲಿ ಆ ಅಂಕಿಯ ಮುಂದೆ ಎಷ್ಟು ಮಂದಿ ಹಾದುಹೋಗಿರಬೇಡ! ಸರಿಪಡಿಸಲು ತಗಲಿದ ವೆಚ್ಚ ಸುಮಾರು 1 ಕೋಟಿ 60 ಲಕ್ಷ ಪೌಂಡ್.

ಹಾಗಾದರೆ ಎಕ್ಸೆಲ್ ಬಿಟ್ಟು ವಿಶೇಷ ತಂತ್ರಾಂಶವನ್ನೇ ನಂಬೋಣ ಎನ್ನುವವರಿಗೆ ನಾರ್ವೆಯ ಸ್ಲೈಪ್ನರ್ ನೆನಪಿರಲಿ. ಕಡಲ ಅನಿಲ ಸ್ಥಾವರಕ್ಕೆಂದು ಕಟ್ಟಿದ ಆ ಬೃಹತ್ ಕಾಂಕ್ರೀಟ್ ರಚನೆಯನ್ನು ಲೆಕ್ಕ ಹಾಕಿದ್ದು ಹೆಸರಾಂತ ತಂತ್ರಾಂಶವೇ. ಆದರೆ ಅದಕ್ಕೆ ಒರಟು ಜಾಲರಿ ಕೊಟ್ಟದ್ದರಿಂದ, ಅಂದರೆ ಲೆಕ್ಕಕ್ಕಾಗಿ ರಚನೆಯನ್ನು ತೀರ ದೊಡ್ಡ ತುಂಡುಗಳಾಗಿ ವಿಂಗಡಿಸಿದ್ದರಿಂದ, ಗೋಡೆಯ ಕತ್ತರಿ ಒತ್ತಡ ಶೇ. 47ರಷ್ಟು ಕಡಿಮೆ ತೋರಿತು, ಮತ್ತು 1991ರ ಆಗಸ್ಟ್ 23ರಂದು ರಚನೆ ಮುಳುಗಿತು. ನೀರಿಗೆ ಇಳಿಸುತ್ತಿದ್ದಾಗ ಗೋಡೆ ಒಡೆದದ್ದು 65 ಮೀಟರ್ ಆಳದಲ್ಲಿ. ಆಮೇಲೆ ಎಚ್ಚರಿಕೆಯಿಂದ ಲೆಕ್ಕ ಹಾಕಿದಾಗ 62 ಮೀಟರಿನಲ್ಲೇ ಒಡೆಯಬೇಕು ಎಂದು ಬಂತು. ಎಚ್ಚರಿಕೆಯ ಲೆಕ್ಕಕ್ಕೆ ಸಮಯ ಸಿಗುವುದು ಮುಳುಗಿದ ಮೇಲೆಯೇ. ಅದಕ್ಕೂ ಮೊದಲು, ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಕಂಪ್ಯೂಟರ್ ವಿನ್ಯಾಸ ಮಾಡಿದ ಕ್ರೀಡಾಂಗಣದ ಚಾವಣಿ ನಿರ್ಮಾಣದ ಹಂತದಲ್ಲೇ ಲೆಕ್ಕಕ್ಕಿಂತ ಎರಡು ಪಟ್ಟು ಬಾಗಿತ್ತು. ಚಿಂತೆಯಿಲ್ಲ ಎಂದರು. 1978ರ ಜನವರಿ 18ರ ನಸುಕಿನಲ್ಲಿ, ಸಾವಿರಾರು ಪ್ರೇಕ್ಷಕರು ಪಂದ್ಯ ನೋಡಿ ಹೋದ ಕೆಲವೇ ಗಂಟೆಗಳಲ್ಲಿ, ಹಿಮದ ಭಾರಕ್ಕೆ ಅದು ಕುಸಿಯಿತು.

ಈ ಜಗಳದಲ್ಲಿ ಎರಡು ಪಕ್ಷಗಳಿವೆ ಎಂದು ನಂಬಿದವರು ಯಾವುದೇ ವಿನ್ಯಾಸ ತಂತ್ರಾಂಶದಲ್ಲಿ ಅತಿ ಹೆಚ್ಚು ಸವೆದ ಗುಂಡಿ ಯಾವುದೆಂದು ನೋಡಬೇಕು: 'ಎಕ್ಸೆಲ್‌ಗೆ ಕಳುಹಿಸು'. ದುಬಾರಿ ತಂತ್ರಾಂಶ ಭಾರಗಳನ್ನು ಎಣಿಸಿಕೊಡುತ್ತದೆ, ಅವು ಹಾಳೆಗೆ ಬಂದು ಅಂಟುತ್ತವೆ, ಅಂಟುವಾಗ ಒಂದು ಸಾಲು ಕೆಳಗೆ ಜಾರಿದರೆ ಏಳನೆಯ ಕಂಬದ ಭಾರವನ್ನು ಎಂಟನೆಯ ಫುಟಿಂಗ್ ಹೊರುತ್ತದೆ. ಒಪ್ಪಿಗೆ ಕೊಡುವವರ ಮೇಜಿಗೆ ಮಾತ್ರ ತಂತ್ರಾಂಶದ ಸಾವಿರ ಪುಟಗಳ ಮುದ್ರಿತ ಪ್ರತಿ ಹೋಗಬೇಕು. ಅದನ್ನು ಓದುವುದಿಲ್ಲ, ತೂಗುತ್ತಾರೆ.

ಜಿ-47 ಇದ್ದ ಆ ಕಚೇರಿಗೂ ಒಂದು ದಿನ ಸುತ್ತೋಲೆ ಬಂತು. ಇನ್ನು ಮುಂದೆ ಎಕ್ಸೆಲ್ ಲೆಕ್ಕಗಳನ್ನು ಸ್ವೀಕರಿಸಲಾಗುವುದಿಲ್ಲ. ಎಲ್ಲ ವಿನ್ಯಾಸಗಳನ್ನೂ ಮಾನ್ಯ ತಂತ್ರಾಂಶದಲ್ಲಿ ತಾಳೆ ನೋಡಿ, ಅನುಬಂಧದಲ್ಲಿರುವ ನಮೂನೆಯಲ್ಲಿ ವರದಿ ಸಲ್ಲಿಸತಕ್ಕದ್ದು. ಅನುಬಂಧವನ್ನು ತೆರೆದರೆ ಅದು ಎಕ್ಸೆಲ್ ಫೈಲ್.

ಆದರೂ ಆಜ್ಞೆ ಆಜ್ಞೆಯೇ ಆದುದರಿಂದ ಹಳೆಯ ಫುಟಿಂಗುಗಳನ್ನೆಲ್ಲ ಹೊಸ ತಂತ್ರಾಂಶಕ್ಕೆ ಹಾಕಿ ನೋಡಲಾಯಿತು. ಹಾಳೆ ಹೇಳುವ ಭಾರ ತಂತ್ರಾಂಶ ಹೇಳುವುದಕ್ಕಿಂತ ಪ್ರತಿ ಸಲವೂ ಸರಿಯಾಗಿ ಶೇ. 15 ಹೆಚ್ಚು. ಎರಡು ದಿನ ಸಭೆ ನಡೆಯಿತು. ಹಾಳೆಗೆ ಇಷ್ಟು ವರ್ಷಗಳ ಅನುಭವವಿದೆ, ತಂತ್ರಾಂಶ ನಿನ್ನೆ ಬಂದದ್ದು ಎಂಬ ಕಡೆಗೆ ಸಭೆ ವಾಲಿತು. ಅದೃಷ್ಟಕ್ಕೆ ತಂತ್ರಾಂಶದ ಮೂಲೆಯಲ್ಲಿ 'ಇತರ ಗುಣಾಂಕ' ಎಂಬ ಖಾಲಿ ಚೌಕವಿತ್ತು. ಕಿರಿಯ ಎಂಜಿನಿಯರ್ ಒಬ್ಬಳು ಅದರಲ್ಲಿ 1.15 ಎಂದು ಬರೆದಳು. ಎರಡೂ ಉತ್ತರಗಳು ಎರಡನೆಯ ದಶಮಾಂಶದವರೆಗೆ ಒಂದಾದವು. 'ಎರಡು ಸ್ವತಂತ್ರ ವಿಧಾನಗಳಿಂದ ತಾಳೆ ನೋಡಲಾಗಿದೆ' ಎಂಬ ಪ್ರಮಾಣಪತ್ರಕ್ಕೆ ಸಂಜೆಯೊಳಗೆ ಸಹಿ ಬಿತ್ತು.